ಜ್ವರ ಮುಚ್ಚಿಟ್ಟು ಬರುವುದು ನಿಂತದ್ದು ಹೇಗೆ: ಒಂದು ವಾಲ್ವ್ ಘಟಕದ ಅನುಭವ

2021ರ ಏಪ್ರಿಲ್-ಮೇ, ಕೋವಿಡ್ ಎರಡನೇ ಅಲೆ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಘಟಕದಲ್ಲಿ ಹಾಜರಿ ಅಷ್ಟೇನೂ ಬಿದ್ದಿರಲಿಲ್ಲ. ನಲವತ್ತರಲ್ಲಿ ಮೂವತ್ತೈದು ಮಂದಿ ಬರುತ್ತಿದ್ದರು. ಕೆಟ್ಟದ್ದು ಕೆಲಸದ ಮೇಲಿನ ಲಕ್ಷ್ಯ. ನೂರಕ್ಕೆ ಎರಡೋ ಮೂರೋ ಇದ್ದ ರಿಜೆಕ್ಷನ್ (ಕೆಟ್ಟು ಹೊರಗಾದ ಪೀಸು), ರೀವರ್ಕ್ (ಮತ್ತೆ ಸರಿಮಾಡಬೇಕಾದದ್ದು) ಕೂಡಿ ಎಂಟರ ಹತ್ತಿರ ಹೋಯಿತು.

ಮೊದಲ ಕಾರಣ ಪೀಸಿನ ದಪ್ಪ ಅಳೆಯುವ ಮೈಕ್ರೋಮೀಟರ್. ಆರು ಲೇತಿಗೆ ಇದ್ದದ್ದು ಎರಡು. ಕೈಯಿಂದ ಕೈಗೆ ಹೋಗುವ ಸಾಮಾನು ಮುಟ್ಟಲು ಅಂಜಿ, ಹತ್ತು ಪೀಸಿಗೊಮ್ಮೆ ಅಳೆಯುವವರು ಅರ್ಧ ಶಿಫ್ಟಿಗೊಮ್ಮೆ ಅಳೆಯತೊಡಗಿದರು. ಟೂಲ್ ಸವೆದಂತೆ ಸ್ಪಿಂಡಲ್ (ವಾಲ್ವ್ ತಿರುಗಿಸುವ ದಂಡ) ದಪ್ಪವಾಗುತ್ತದೆ. ಅಸೆಂಬ್ಲಿಯಲ್ಲಿ ಗ್ಲ್ಯಾಂಡ್ (ಸ್ಪಿಂಡಲ್ ಹಾದುಹೋಗುವ, ಸೋರಿಕೆ ತಡೆಯುವ ಭಾಗ) ಹಿಡಿದುಕೊಂಡ ಮೇಲೇ ಗೊತ್ತಾಗುತ್ತಿತ್ತು. ಸ್ಕ್ರ್ಯಾಪ್ ಪ್ಲೇಟಿನಿಂದ ಲೇತಿಗೊಂದರಂತೆ ಗೋ-ನೋಗೋ ಸ್ನ್ಯಾಪ್ ಗೇಜ್ (ಪೀಸು ಒಂದು ಬಾಯಿಗೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಅಳತೆ ಸರಿ) ಮಾಡಿಸಿ, ಆಯಾ ಮಷಿನ್ನಿಗೇ ತೂಗುಹಾಕಿದೆವು. ಹಾರ್ಡನಿಂಗ್, ಗ್ರೈಂಡಿಂಗ್ ಸೇರಿ ತಲಾ ಏಳೆಂಟು ನೂರು ಬಿತ್ತು. ಎರಡೇ ವಾರಕ್ಕೆ ರಿಜೆಕ್ಷನ್ ನಾಲ್ಕಕ್ಕೆ ಇಳಿಯಿತು.

ಇದಕ್ಕೂ ಮೊದಲು ಹಾಳು ಮಾಡಿಕೊಂಡದ್ದೂ ಇದೆ. ಸೋಂಕು ಕೊಲ್ಲುವ ಹೈಪೋಕ್ಲೋರೈಟ್ ನೀರನ್ನು ಮಷಿನ್ ಮೇಲೂ ಹೊಡೆಸಿದ್ದಕ್ಕೆ ಮರುದಿನ ಲೇತಿನ ಬೆಡ್ ಮೇಲೆ ತುಕ್ಕು. ಅದು ನೆಲಕ್ಕೆ, ಸಂಡಾಸಿಗೆ ಮಾತ್ರ. ಗೇಜನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಕೂಡಲೇ ಒಂದು ಹನಿ ಎಣ್ಣೆ ಸವರಬೇಕು.

ದೊಡ್ಡ ತಪ್ಪು ಹಾಜರಿ ಬೋನಸ್ಸು. ದಿನಕ್ಕೆ 150 ರೂಪಾಯಿ ಇಟ್ಟೆವು. ಜ್ವರ ಬಂದವರು ಪ್ಯಾರಾಸಿಟಮಾಲ್ ನುಂಗಿ ಬಂದರು, ಗೇಟಿನ ಥರ್ಮಲ್ ಗನ್ ಸುಮ್ಮನೆ ಬಿಟ್ಟಿತು. ಪಕ್ಕದವನು ಕೆಮ್ಮಿದರೆ ಇಡೀ ಸಾಲಿನ ಕೈ ನಿಲ್ಲುತ್ತಿತ್ತು. ಹತ್ತೇ ದಿನಕ್ಕೆ ಬೋನಸ್ ತೆಗೆದೆವು. ಅಷ್ಟರಲ್ಲಿ ಐವತ್ತು ಸಾವಿರದ ಸುಮಾರು ಹೋಗಿತ್ತು.

ಒಬ್ಬೊಬ್ಬರನ್ನೇ ಕೇಳಿದಾಗ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: "ನನಗೇನ್ ಅಂಜಿಕಿ ಇಲ್ರೀ ಸರ್, ಮನ್ಯಾಗ ಅವ್ವಗ ಸಕ್ಕರಿ ಬ್ಯಾನಿ ಐತಿ. ಹದಿನಾಲ್ಕ ದಿವಸ ಕುಂತ್ರ ಪಗಾರ ಯಾರ್ ಕೊಡ್ತಾರ?" ರೋಗದ ಅಂಜಿಕೆಗಿಂತ ಪಗಾರದ ಅಂಜಿಕೆ ದೊಡ್ಡದಿತ್ತು. ಗೋಡೆಗೆ ಅಂಟಿಸಿದ ಪೋಸ್ಟರು ಇದಕ್ಕೆ ಉತ್ತರ ಕೊಡುವುದಿಲ್ಲ.

ಲೆಕ್ಕ ಹೀಗೆ ಹಾಕಿದೆವು. ಆಗ ಪಗಾರ 21,000ದೊಳಗಿನವರು ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆ) ಇದ್ದರು. ಕಾಯಿಲೆ ಭತ್ಯೆ ಸರಾಸರಿ ದಿನಗೂಲಿಯ ನೂರಕ್ಕೆ 70. ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ದಿನಕ್ಕೆ 450 ಇದ್ದ ಹೆಲ್ಪರ್‌ಗೆ ಹದಿನಾಲ್ಕು ದಿನಕ್ಕೆ 6,300. ಇಎಸ್‌ಐ ಕೊಡುವುದು 3,780, ನಾವು ತುಂಬುವುದು 2,520. ಎರಡೂವರೆ ಸಾವಿರಕ್ಕೆ ಮಾಲಕರು ಹೆದರುವಂಥದ್ದೇನಿಲ್ಲ. ಹೊಸಬರಿಗೆ ಭತ್ಯೆ ಸಿಗಲು ಬೇಕಾದ, ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಆಗಿರುವುದಿಲ್ಲ. ಅವರದ್ದು ಪೂರ್ತಿ ನಮ್ಮದೇ.

ಆದರೆ ಇಎಸ್‌ಐ ಹಣ ತಡವಾಗಿ ಬರುತ್ತದೆ. ಹಾಗಾಗಿ ಪೂರ್ತಿ ಮೊತ್ತ ನಾವೇ ಮುಂಗಡ ಕೊಟ್ಟು, ಭತ್ಯೆ ಬಂದ ಮೇಲೆ ಇಎಸ್‌ಐ ಪಾಲಿನದ್ದು ತಿರುಗಿ ತೆಗೆದುಕೊಂಡೆವು. ಜ್ವರ ಹೇಳಿದ ದಿನವೇ ಸಂಜೆಯೊಳಗೆ, ಲಕೋಟೆಯಲ್ಲಿ, ಮನೆಯ ಬಾಗಿಲಿಗೆ. ವೈದ್ಯರ ಸರ್ಟಿಫಿಕೇಟ್ ಆಮೇಲೆ ತಂದರೂ ನಡೆಯುತ್ತಿತ್ತು. ಸುತ್ತಲಿನ ಕಾರ್ಖಾನೆಯವರು "ನಾಳಿಗೆ ಎಲ್ಲಾರೂ ಜ್ವರ ಅಂತಾರ ನೋಡ್ರಿ" ಅಂದಿದ್ದರು. ಸುಳ್ಳು ಹೇಳಿ ಕೂತವರು ಇಬ್ಬರೋ ಮೂವರೋ ಇದ್ದಾರು. ಮೊದಲ ಲಕೋಟೆ ಕುಂದಗೋಳ ಕಡೆಯ ಒಂದು ಮನೆಗೆ ಹೋದ ಮರುದಿನ, ಮೈಕೈ ನೋವು ಅಂತ ನಾಲ್ವರು ತಾವಾಗೇ ಹೇಳಿ ಮನೆಗೆ ಹೋದರು.

ಉಳಿದವರನ್ನು ಬದಲಾಗದ ಜೋಡಿಗಳಲ್ಲಿ ನಿಲ್ಲಿಸಿದೆವು. ಎರಡು ಶಿಫ್ಟಿನವರು ಮುಖಾಮುಖಿ ಆಗದಂತೆ ನಡುವೆ ಕಾಲು ತಾಸು ಬಿಟ್ಟಾಗ ಬೇರೆ ತೊಂದರೆ ಶುರುವಾಯಿತು: ಟೂಲ್ ಬದಲಿಸಿದ್ದು ಮುಂದಿನವರಿಗೆ ತಿಳಿಯುತ್ತಿರಲಿಲ್ಲ. ಮಷಿನ್ನಿಗೊಂದು ಪಾಟಿ ಕಟ್ಟಿದೆವು, ಮೂವತ್ತು ರೂಪಾಯಿಯದ್ದು. ಟೂಲ್ ಹಾಕಿದ ಹೊತ್ತು, ಕೊನೆಯ ಅಳತೆ, ಕೊಟ್ಟ ಆಫ್‌ಸೆಟ್ (ಟೂಲ್ ಸವೆತಕ್ಕೆ ಮಾಡಿದ ಹೊಂದಾಣಿಕೆ), ಇಷ್ಟು ಬರೆದೇ ಕೆಳಗಿಳಿಯಬೇಕು. ಜೂನ್ ಕೊನೆಗೆ ರಿಜೆಕ್ಷನ್ ಎರಡೂವರೆ. ಕೋವಿಡ್ ಹೋದರೂ ಪಾಟಿ ತೆಗೆಯಲು ಆಪರೇಟರ್‌ಗಳು ಬಿಟ್ಟಿಲ್ಲ.