ಮಂಡಿಯ ಗಾದಿಯಿಂದ ಕುಂದುವಾಡ ಕೆರೆಯ ಏರಿಗೆ

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದ ನನಗೆ ದಿನಕ್ಕೆ ಒಂಬತ್ತು ಗಂಟೆ ಕೂತಿರುವುದೇ ಕಸುಬಾಗಿತ್ತು. 2022ರ ಜನವರಿಯಲ್ಲಿ, ನನಗೆ 52 ವಯಸ್ಸಾಗಿದ್ದಾಗ, ಹಳೆಯ ರೋಕಡಿ ಪುಸ್ತಕ ತರಲು ಮಹಡಿ ಹತ್ತಿದವನು ಕೊನೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತ ಕೂತುಬಿಟ್ಟೆ. ನನಗಿಂತ ಹಿರಿಯರಾದ ಹಮಾಲಿಯೊಬ್ಬರು ಚೀಲ ಹೊತ್ತು ನನ್ನನ್ನು ದಾಟುತ್ತ, “ಏನ್ರೀ ಸ್ವಾಮಿ, ಇಷ್ಟಕ್ಕೇ ದಮ್ಮು ಬಂತಾ?” ಎಂದರು.

ವೈದ್ಯರು ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ, ಕಾಯಿಲೆಯೇನೂ ಇಲ್ಲ, ಹೃದಯಕ್ಕೆ ಕೆಲಸ ಕೊಟ್ಟು ರೂಢಿಯಿಲ್ಲ ಎಂದರು. ಕೂತೇ ಬದುಕಿದವರ ಎಡ ಹೃತ್ಕುಕ್ಷಿ, ಅಂದರೆ ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ, ವಯಸ್ಸಾದಂತೆ ಬಿಗಿಯಾಗುತ್ತದೆ. ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಅದು ಸಾಕಷ್ಟು ಹಿಗ್ಗದಿದ್ದರೆ ಒಳಗೆ ತುಂಬುವ ರಕ್ತವೂ ಒಂದು ಬಡಿತಕ್ಕೆ ಹೊರಹೋಗುವ ರಕ್ತವೂ ಕಡಿಮೆಯಾಗುತ್ತವೆ, ಆ ಕೊರತೆಯನ್ನು ಹೃದಯ ಹೆಚ್ಚು ಸಲ ಬಡಿದು ಸರಿದೂಗಿಸಬೇಕಾಗುತ್ತದೆ. ಅಮೆರಿಕದ ಡಲ್ಲಾಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರ ಬಗ್ಗೆಯೂ ಅವರು ಹೇಳಿದರು. ವ್ಯಾಯಾಮದ ಅಭ್ಯಾಸವಿಲ್ಲದ 45ರಿಂದ 64 ವರ್ಷದವರು ವಾರಕ್ಕೆ ನಾಲ್ಕೈದು ದಿನದಂತೆ ಎರಡು ವರ್ಷ ತರಬೇತಿ ಪಡೆದಾಗ ಈ ಬಿಗಿತ ಕಡಿಮೆಯಾಗಿ, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಶೇ. 18ರಷ್ಟು ಹೆಚ್ಚಿತ್ತು.

ನಾನು ಲೆಕ್ಕದವನಾದ್ದರಿಂದ ಮೊದಲು ಲೆಕ್ಕ ತೆರೆದೆ. ಬೆಳಿಗ್ಗೆ ಹಾಸಿಗೆ ಬಿಡುವ ಮುನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರಾ ಒಂದು ನಿಮಿಷ ನಾಡಿ ಎಣಿಸಿ ಹಳೆಯ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆಯತೊಡಗಿದೆ. ಮೊದಲ ವಾರದ ಸರಾಸರಿ 82. ಮೂರು ತಿಂಗಳು ಕುಂದುವಾಡ ಕೆರೆಯ ಏರಿಯ ಮೇಲೆ ವಾರಕ್ಕೆ ನಾಲ್ಕು ದಿನ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು ಬಿರುಸಿನಲ್ಲಿ ಅರ್ಧ ಗಂಟೆ ನಡೆದೆ. ನಾಡಿ ಇಳಿದದ್ದು ಕೇವಲ ಎರಡು.

ನಾಲ್ಕನೆಯ ತಿಂಗಳಿಂದ ವೈದ್ಯರ ಒಪ್ಪಿಗೆ ಪಡೆದು ವಾರಕ್ಕೊಂದು ದಿನ ಕಠಿಣ ಸುತ್ತು ಸೇರಿಸಿದೆ: ನಾಲ್ಕು ನಿಮಿಷ ಓಟ, ಮೂರು ನಿಮಿಷ ನಿಧಾನ ನಡಿಗೆ, ಹೀಗೆ ನಾಲ್ಕು ಸಲ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ, ನನ್ನ ಪಾಲಿಗೆ 168. ಓಟದ ಕೊನೆಗೆ 150 ದಾಟಬೇಕಿತ್ತು. ನಮ್ಮದು ಬಯಲು ಊರು, ಬರೀ ನಡಿಗೆಯಿಂದ ನನಗೆ ಅಷ್ಟು ಏರಲಿಲ್ಲ. ಮೊದಲ ದಿನ ಹುಮ್ಮಸ್ಸಿನಲ್ಲಿ ಓಡಿ, ಎರಡನೆಯ ಸುತ್ತಿಗೇ ಮೀನಖಂಡ ಹಿಡಿದುಕೊಂಡು ಹತ್ತು ದಿನ ಕುಂಟಿದೆ. ಬಳಿಕ ಒಂದೇ ಸುತ್ತಿನಿಂದ ಶುರುಮಾಡಿ ತಿಂಗಳಿಗೊಂದರಂತೆ ಏರಿಸಿದೆ. ಸೆಪ್ಟೆಂಬರ್ ಹೊತ್ತಿಗೆ ನಾಡಿ 72ಕ್ಕೆ ಬಂತು.

ಅಕ್ಟೋಬರ್‌ನಲ್ಲಿ ಜೋಳದ ಆವಕ ಶುರುವಾಯಿತು, ಆರು ವಾರ ಕೆರೆಯ ಮುಖ ನೋಡಲಿಲ್ಲ, ಪುಸ್ತಕದಲ್ಲಿ ಮತ್ತೆ 78 ಕಂಡಿತು. ಡಲ್ಲಾಸ್‌ನಲ್ಲೇ 1966ರಲ್ಲಿ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಟ್ಟು ನೋಡಿದಾಗ ಅವರ ದೈಹಿಕ ಸಾಮರ್ಥ್ಯ ಕುಸಿದದ್ದು ಮುಂದಿನ ಮೂವತ್ತು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತಲೂ ಹೆಚ್ಚಾಗಿತ್ತು ಎಂಬುದನ್ನು ಆಮೇಲೆ ಓದಿದಾಗ ನನ್ನ ಆರು ಅಂಕಿಗಳ ಬಗ್ಗೆ ಅಚ್ಚರಿ ಉಳಿಯಲಿಲ್ಲ. ಮುಂದಿನ ಸುಗ್ಗಿಯಲ್ಲಿ ಮಂಡಿ ಮುಚ್ಚಿದ ಮೇಲೆ, ರಾತ್ರಿ ಒಂಬತ್ತಾದರೂ ಸರಿ, ಇಪ್ಪತ್ತು ನಿಮಿಷ ನಡೆದೇ ಮನೆ ಸೇರಿದೆ.

ಯೋಗ ಸಾಲದೇ ಎಂದು ಏರಿಯ ಮೇಲೆ ಸಿಗುವವರು ಕೇಳುತ್ತಾರೆ. 2018ರ ಪ್ರಯೋಗದಲ್ಲಿ ಹೋಲಿಕೆಯ ಗುಂಪಿನವರು ಯೋಗ, ಸಮತೋಲನ ಮತ್ತು ತೂಕದ ವ್ಯಾಯಾಮಗಳನ್ನೇ ಮಾಡಿದ್ದರು. ಅವರ ಹೃದಯದ ಬಿಗಿತ ಬದಲಾಗಲಿಲ್ಲ. ಯೋಗದಿಂದ ಬೇರೆ ಪ್ರಯೋಜನ ಇರಬಹುದು, ನಾನೂ ಬೆನ್ನಿಗಾಗಿ ಮಾಡುತ್ತೇನೆ. ಇನ್ನೊಂದು ಅಧ್ಯಯನದಲ್ಲಿ 70ರ ಆಸುಪಾಸಿನವರು ಒಂದು ವರ್ಷ ತರಬೇತಿ ಪಡೆದರೂ ಬಿಗಿತ ಸಡಿಲವಾಗಲಿಲ್ಲ, ಶಕ್ತಿಯೇನೋ ಹೆಚ್ಚಿತ್ತು. ನಿವೃತ್ತಿಯಾದ ಮೇಲೆ ನೋಡೋಣ ಎನ್ನುವ ನನ್ನ ಭಾವನವರಿಗೆ ಇದನ್ನು ಎರಡು ಸಲ ಹೇಳಿದ್ದೇನೆ.

ಎರಡು ವರ್ಷ ತುಂಬಿದಾಗ ನಾಡಿ 66 ಇತ್ತು. ನನ್ನ ಹೃದಯದ ಗೋಡೆ ನಿಜಕ್ಕೂ ಎಷ್ಟು ಸಡಿಲವಾಗಿದೆಯೋ ನಾಡಿ ಹೇಳಲಾರದು. ಅದನ್ನು ಅಳೆಯಲು ಆ ಪ್ರಯೋಗದಲ್ಲಿ ರಕ್ತನಾಳದ ಮೂಲಕ ಹೃದಯದವರೆಗೆ ಕೊಳವೆ ತೂರಿಸಿದ್ದರಂತೆ. ನನಗೆ ಆ ಕುತೂಹಲವಿಲ್ಲ. ಓಟ ನಿಲ್ಲಿಸಿದ ಒಂದು ನಿಮಿಷಕ್ಕೆ 154 ಇದ್ದ ಬಡಿತ 122ಕ್ಕೆ ಇಳಿಯುತ್ತದೆ, ಮೊದಮೊದಲು 140ರ ಕೆಳಗೆ ಬರುತ್ತಿರಲಿಲ್ಲ ಎಂದು ಪುಸ್ತಕದಲ್ಲಿದೆ.