ಜರ್ಮನಿಯಲ್ಲಿ ಹಳೇ ಆಟಿಕೆ ರೈಲು ಕೊಳ್ಳುವ ಮುನ್ನ

ಭಾನುವಾರದ ಫ್ಲೋಮಾರ್ಕ್ಟ್‌ನಲ್ಲಿ, ಅಂದರೆ ಹಳೇ ಸಾಮಾನಿನ ಸಂತೆಯಲ್ಲಿ, ಮೆರ್ಕ್ಲಿನ್ ಕಂಪನಿಯ ಆಟಿಕೆ ಎಂಜಿನ್ ಕಣ್ಣಿಗೆ ಬಿದ್ದರೆ ತಕ್ಷಣ ಪರ್ಸಿಗೆ ಕೈ ಹಾಕಬೇಡಿ. ಮೊದಲು ಅದನ್ನು ಮಗುಚಿ ಹೊಟ್ಟೆ ನೋಡಿ. ಅಲ್ಲಿ ಚಪ್ಪಟೆಯಾದ ಉದ್ದನೆಯ ತಗಡಿನ ಪಟ್ಟಿ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಮ್ಮ ದುಡ್ಡು ಉಳಿಯುವುದೂ ಹೋಗುವುದೂ ನಿಂತಿದೆ.

ಎಚ್‌ಓ, ಎನ್ ಎಂಬುವು ನಿಜವಾದ ರೈಲನ್ನು ಎಷ್ಟು ಪಟ್ಟು ಕುಗ್ಗಿಸಿದ್ದಾರೆ ಎಂದು ಹೇಳುವ ಅಳತೆಗಳು. ಎಚ್‌ಓ ಅಂದರೆ 1:87, ಹಳಿಯ ಅಗಲ 16.5 ಮಿ.ಮೀ., ಎನ್ ಅಂದರೆ 1:160. ಇಷ್ಟು ಗೊತ್ತಿಲ್ಲದೆ ಯಾರೂ ಈ ಹುಚ್ಚಿಗೆ ಇಳಿಯುವುದಿಲ್ಲ. ಬೆಂಗಳೂರಿನಿಂದ ಬಂದವರಿಗೆ ಗೊತ್ತಿರದ ಸಂಗತಿ ಬೇರೆ. ಜರ್ಮನಿಯಲ್ಲಿ ಇದೇ ಎಚ್‌ಓ ಅಳತೆಯೊಳಗೆ ಒಂದಕ್ಕೊಂದು ಆಗಿಬರದ ಎರಡು ಪದ್ಧತಿಗಳಿವೆ. ಎರಡರ ಸಾಮಾನೂ ಒಂದೇ ಮೇಜಿನ ಮೇಲೆ, ಎಷ್ಟೋ ಸಲ ಒಂದೇ ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲಿ, ಮಾರಾಟಕ್ಕೆ ಬಿದ್ದಿರುತ್ತವೆ.

ಜಗತ್ತಿನ ಬಹುಪಾಲು ಕಡೆ ಇರುವುದು ಎರಡು ಹಳಿಯ ಡಿಸಿ ಪದ್ಧತಿ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಎಡ ಚಕ್ರಕ್ಕೂ ಬಲ ಚಕ್ರಕ್ಕೂ ನಡುವೆ ವಿದ್ಯುತ್ ಹರಿಯದಂತೆ ಪ್ಲಾಸ್ಟಿಕ್ ಬುಷ್ ಇರುತ್ತದೆ. ಗೋಪಿಂಗನ್ ಊರಿನ ಮೆರ್ಕ್ಲಿನ್ ಕಂಪನಿ ಹಿಡಿದದ್ದು ಬೇರೆಯೇ ದಾರಿ. 1859ರಲ್ಲಿ ಹುಟ್ಟಿದ ಈ ಕಂಪನಿ ಇವತ್ತಿನ ಎಚ್‌ಓ ಅಳತೆಯ ರೈಲನ್ನು 1935ರಲ್ಲಿ ಹೊರತಂದಾಗಿನಿಂದಲೂ ಅದರದ್ದು ಮೂರು ಹಳಿಯ ಎಸಿ ಪದ್ಧತಿ. ಎರಡೂ ಪಕ್ಕದ ಹಳಿಗಳು ಸೇರಿ ಒಂದು ಧ್ರುವ, ನಡುವಿನದು ಇನ್ನೊಂದು. ಮೊದಲು ನಡುವೆ ನಿಜವಾದ ಹಳಿಯೇ ಇತ್ತು. 1950ರ ದಶಕದಲ್ಲಿ ಅದರ ಜಾಗಕ್ಕೆ ಸ್ಲೀಪರ್‌ಗಳ ನಡುವೆ ಅಷ್ಟಾಗಿ ಕಾಣದ ಪುಟ್ಟ ಲೋಹದ ಗುಬ್ಬಿಗಳು, ಅಂದರೆ ಮೊಳೆಯ ತಲೆಯಂಥ ಉಬ್ಬುಗಳು, ಬಂದವು. ಎಂಜಿನ್ನಿನ ಹೊಟ್ಟೆಯ ಪಟ್ಟಿ ಆ ಗುಬ್ಬಿಗಳನ್ನು ಸವರಿಕೊಂಡು ಕರೆಂಟ್ ಎತ್ತಿಕೊಳ್ಳುತ್ತದೆ. ಎರಡೂ ಹಳಿ ಒಂದೇ ಧ್ರುವವಾದ್ದರಿಂದ ಚಕ್ರಗಳ ನಡುವೆ ಬುಷ್ ಬೇಕಿಲ್ಲ, ಅವರು ಹಾಕುವುದೂ ಇಲ್ಲ.

ತೊಂದರೆ ಹುಟ್ಟುವುದು ಇಲ್ಲೇ. ಮೆರ್ಕ್ಲಿನ್ ಬೋಗಿಯನ್ನು ಎರಡು ಹಳಿಯ ಪದ್ಧತಿಯ ಮೇಲಿಟ್ಟರೆ ಅದರ ಕಬ್ಬಿಣದ ಅಚ್ಚು ಎರಡು ಹಳಿಗಳನ್ನೂ ಜೋಡಿಸಿ ನೇರ ಶಾರ್ಟ್ ಸರ್ಕ್ಯೂಟ್ ಮಾಡುತ್ತದೆ. ಎರಡು ಹಳಿಯ ಎಂಜಿನ್ನನ್ನು ಮೆರ್ಕ್ಲಿನ್ ಹಳಿಯ ಮೇಲಿಟ್ಟರೆ ಏನೂ ಆಗುವುದಿಲ್ಲ, ಅದು ಸುಮ್ಮನೆ ನಿಂತಿರುತ್ತದೆ. ಎಸ್ಲಿಂಗನ್‌ನಲ್ಲಿರುವ ಹಾಸನದ ಕಡೆಯ ಹುಡುಗನೊಬ್ಬ ಒಂದು ಡಬ್ಬದ ತುಂಬ ಬೋಗಿ, ಎರಡು ಎಂಜಿನ್ ಕೊಂಡು, ಹಳಿಯನ್ನು ಮಾತ್ರ ಇನ್ನೊಂದು ಕಡೆ ಹೊಸದಾಗಿ ತರಿಸಿದ್ದ. ರಾತ್ರಿ ಹತ್ತಕ್ಕೆ ಫೋನು: "ಅಣ್ಣಾ, ಮಾರಿದ ಮುದುಕ ಟೋಪಿ ಹಾಕ್ಬಿಟ್ಟ, ಕೆಟ್ಟೋಗಿರೋದನ್ನೇ ಕೊಟ್ಟವ್ನೆ." ಮುದುಕನದು ಯಾವ ತಪ್ಪೂ ಇರಲಿಲ್ಲ. ಎಂಜಿನ್ ಅವನ ಮನೆಯಲ್ಲಿ ಮೂವತ್ತು ವರ್ಷ ಚೆನ್ನಾಗಿಯೇ ಓಡಿತ್ತು. ಈ ಫೋನು ವರ್ಷಕ್ಕೊಂದಾದರೂ ಬರುತ್ತದೆ, ಊರು ಮತ್ತು ಹೆಸರು ಮಾತ್ರ ಬೇರೆ. ನಾನೂ ಒಂದು ಕಾಲಕ್ಕೆ ಯಾರಿಗೋ ಮಾಡಿದ್ದೆ.

ಹಾಗಾಗಿ ಒಂದು ಮಲ್ಟಿಮೀಟರ್ ಜೇಬಿನಲ್ಲಿರಲಿ. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಕಡ್ಡಿ ತಾಗಿಸಿ. ಬೀಪ್ ಎಂದರೆ ಮೂರು ಹಳಿಯ ಪದ್ಧತಿಯದು. ಮಾರುವವರು ಯಾರೂ ಬೇಸರಪಡುವುದಿಲ್ಲ, ಎಷ್ಟೋ ಮಂದಿ ಖುಷಿಯಿಂದ ಅರ್ಧ ಗಂಟೆ ಪಾಠವನ್ನೇ ಮಾಡುತ್ತಾರೆ. ಪರೀಕ್ಷೆಯ ಹಳಿಯ ಮೇಲೆ ಓಡಿಸಿ ತೋರಿಸಿದರು ಎಂದು ಮಾತ್ರ ನಂಬಿ ತರಬೇಡಿ. ಅದು ಅವರ ಹಳಿಯ ಮೇಲೆ ಓಡಿದೆ, ನಿಮ್ಮದರ ಮೇಲಲ್ಲ.

ಹಳಿ ನೋಡಿಯೂ ಮೋಸ ಹೋಗಬಹುದು. ಮೆರ್ಕ್ಲಿನ್‌ನದೇ ಇನ್ನೊಂದು ಬ್ರ್ಯಾಂಡ್ ಟ್ರಿಕ್ಸ್, ಅದರದು ಎರಡು ಹಳಿಯ ಪದ್ಧತಿ. ಸಿ-ಹಳಿ ಎಂಬ ನಮೂನೆಯಲ್ಲಿ ಟ್ರಿಕ್ಸ್‌ನ ಹಳಿಯೂ ಮೆರ್ಕ್ಲಿನ್‌ನ ಹಳಿಯೂ ದೂರಕ್ಕೆ ಅವಳಿ ಮಕ್ಕಳು. ಗುಬ್ಬಿ ಇದೆಯೇ ಎಂದು ಬಗ್ಗಿ ನೋಡಬೇಕು. ರೋಕೋ, ಪೀಕೋದಂಥ ಕಂಪನಿಗಳು ಒಂದೇ ಎಂಜಿನ್ನನ್ನು ಎರಡೂ ಪದ್ಧತಿಗೆ ಮಾಡಿ ಬೇರೆ ಬೇರೆ ನಂಬರಿನಲ್ಲಿ ಮಾರುತ್ತವೆ. ಜಾಹೀರಾತಿನ ಮೂಲೆಯಲ್ಲಿ ಎಸಿ ಅಥವಾ ಡಿಸಿ ಎಂದು ಎರಡೇ ಅಕ್ಷರ ಇರುತ್ತದೆ. ಅದನ್ನು ಬೆಲೆಗಿಂತ ಮೊದಲು ಓದಿ. "ಡಿಜಿಟಲ್ ಅಲ್ವಾ, ಎಲ್ಲಾ ಕಡೆ ಓಡುತ್ತೆ" ಎಂಬ ವಾದವೂ ಕೇಳಿಬರುತ್ತದೆ. ಡಿಜಿಟಲ್ ಅಂದರೆ ಹಳಿಯ ಮೂಲಕ ಸಂಕೇತ ಕಳಿಸಿ ಎಂಜಿನ್ ನಡೆಸುವ ವ್ಯವಸ್ಥೆ. ಡಿಜಿಟಲ್ ಆದ ಮಾತ್ರಕ್ಕೆ ಚಕ್ರಕ್ಕೆ ಬುಷ್ ಬರುವುದಿಲ್ಲ.

ಆಗಲೇ ಕೊಂಡಾಗಿದ್ದರೆ? ಬೋಗಿಗಳ ಚಕ್ರ ಬದಲಿಸುವುದು ಅಗ್ಗ, ಬದಲಿ ಚಕ್ರದ ಜೋಡಿ ಸಿಗುತ್ತದೆ. ಎಂಜಿನ್ ಬದಲಿಸಲು ಹೋಗಬೇಡಿ, ಮಾರಿಬಿಡಿ. ಮೆರ್ಕ್ಲಿನ್‌ಗೆ ಇಲ್ಲಿ ಗಿರಾಕಿಗಳಿಗೆ ಬರವಿಲ್ಲ. ಒಂದು ಎಚ್ಚರಿಕೆ ಮಾತ್ರ ನಗುತ್ತಾ ಹೇಳುವಂಥದ್ದಲ್ಲ. ಹಳೇ ಸೆಟ್ಟಿನ ಜೊತೆ ಬರುವ ನೀಲಿ ತಗಡಿನ ಟ್ರಾನ್ಸ್‌ಫಾರ್ಮರ್ ಚಂದ ಕಾಣುತ್ತದೆ, ಆದರೆ ದಶಕಗಳ ಹಿಂದಿನ ವೈರಿನ ಹೊದಿಕೆ ಒಣಗಿ ಬಿರುಕುಬಿಟ್ಟಿರಬಹುದು. ಕಪಾಟಿನಲ್ಲಿಡಿ, ಮಗುವಿನ ಕೈಗೆ ಕೊಡಬೇಡಿ. ಡಿಜಿಟಲ್ ಸೆಟ್ಟಿನ ಹಳಿಗಂತೂ ಅದನ್ನು ಜೋಡಿಸಲೇಬೇಡಿ.

ಯಾವ ಪದ್ಧತಿ ಒಳ್ಳೆಯದು ಎಂದರೆ ನನ್ನ ಉತ್ತರ ಮನೆ ನೋಡಿ. ಚಿಕ್ಕ ಮಕ್ಕಳಿದ್ದರೆ ಕಣ್ಣು ಮುಚ್ಚಿ ಮೆರ್ಕ್ಲಿನ್. ಹಳಿ ಸುತ್ತಿ ಬಂದು ತನ್ನನ್ನೇ ಕೂಡುವ ಕುಣಿಕೆ ಹಾಕಿದರೂ ಅಲ್ಲಿ ಶಾರ್ಟ್ ಆಗುವುದಿಲ್ಲ, ಎರಡು ಹಳಿಯಲ್ಲಿ ಅದಕ್ಕೆ ಪ್ರತ್ಯೇಕ ಮಾಡ್ಯೂಲ್ ಬೇಕು. ಆದರೆ ಊರಿನ ರೈಲೇ ಓಡಬೇಕು ಎಂಬ ಆಸೆಯಿದ್ದರೆ ಎರಡು ಹಳಿಯೇ ಸರಿ, ನಮ್ಮ ಎಂಜಿನ್ ಬೋಗಿಗಳ ಮಾದರಿಗಳು ಬಹುಪಾಲು ಅದಕ್ಕೇ ಬರುತ್ತವೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 1:87ಕ್ಕೆ ಇಳಿಸಿದರೆ 19 ಮಿ.ಮೀ. ದಾಟಬೇಕು. ಎಚ್‌ಓ ಹಳಿ ಇರುವುದು 16.5. ಹಾಗಾಗಿ ರೈಲಿನ ಕಾಲು ಸ್ವಲ್ಪ ಕೂಡಿಸಿದಂತೆ ಕಾಣುತ್ತದೆ. ಸಹಿಸಿಕೊಳ್ಳಿ.

ಇಲ್ಲಿರುವ ಕನ್ನಡಿಗರಲ್ಲಿ ಅರ್ಧ ಮಂದಿಯ ಕನಸು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕಿಳಿಯುವ ಘಾಟಿಯನ್ನು ಕಟ್ಟುವುದು. ಆ ಘಾಟಿಯ ಏರು 50ಕ್ಕೆ 1, ಅಂದರೆ ಒಂದು ಮೀಟರಿಗೆ ಎರಡು ಸೆಂ.ಮೀ. ಒಂದು ರೈಲಿನ ಮೇಲೆ ಇನ್ನೊಂದು ಹಾಯಬೇಕಾದರೆ ಎಂಟೊಂಬತ್ತು ಸೆಂ.ಮೀ. ಎತ್ತರ ಬೇಕು. ಅಷ್ಟು ಏರಲು ನಾಲ್ಕು ಮೀಟರಿಗೂ ಮಿಕ್ಕಿದ ಹಳಿ ಬೇಕು, ಇಳಿಯಲು ಮತ್ತಷ್ಟು. ನಿಮ್ಮ ಬಾಡಿಗೆ ಮನೆಯ ಕೋಣೆಯನ್ನು ಅಳೆದ ಮೇಲೆ ಸುರಂಗ ಎಷ್ಟೆಂದು ಲೆಕ್ಕ ಹಾಕಿ.

ಘಾಟಿ ಕಟ್ಟುವ ಮೊದಲು ಗೈಸ್ಲಿಂಗನ್ ಏರನ್ನು ನೋಡಿ ಬನ್ನಿ. ಷ್ಟುಟ್‌ಗಾರ್ಟ್‌ನಿಂದ ಉಲ್ಮ್‌ಗೆ ಹೋಗುವ ಹಳೇ ಮಾರ್ಗದಲ್ಲಿದೆ, 1850ರಲ್ಲಿ ತೆರೆದದ್ದು, ಏರು 44.5ಕ್ಕೆ 1. ನಮ್ಮ ಘಾಟಿಗಿಂತ ಕಡಿದು! ದುಡ್ಡು ಸುರಿದು ಐಸಿಇ ಎಂಬ ವೇಗದ ರೈಲಿನ ಟಿಕೆಟ್ ತೆಗೆದು ಇದನ್ನು ತಪ್ಪಿಸಿಕೊಂಡವರಿದ್ದಾರೆ. 2022ರ ಡಿಸೆಂಬರ್‌ನಿಂದ ವೇಗದ ರೈಲುಗಳು ಬಹುಪಾಲು ವೆಂಡ್ಲಿಂಗನ್–ಉಲ್ಮ್ ಹೊಸ ಮಾರ್ಗ ಹಿಡಿಯುತ್ತವೆ, ಅಲ್ಲಿ ಕಾಣುವುದು ಸುರಂಗದ ಗೋಡೆ. ಈ ಹವ್ಯಾಸದವರಿಗೆ ನಿಧಾನದ ರೀಜನಲ್ ರೈಲೇ ಸರಿ. ಇಂಥ ರೈಲುಗಳಲ್ಲಿ ದೇಶವಿಡೀ ನಡೆಯುವ ತಿಂಗಳ ಪಾಸು, ಡಾಯ್ಚ್‌ಲಾಂಡ್ ಟಿಕೆಟ್, ಸಾಕು, ದಾರಿಯಲ್ಲೇ ಗೋಪಿಂಗನ್‌ನಲ್ಲಿ ಇಳಿದು ಮೆರ್ಕ್ಲಿನ್ ಮ್ಯೂಸಿಯಂ ನೋಡಿಕೊಂಡು ಮುಂದೆ ಹತ್ತಬಹುದು. ಆ ಟಿಕೆಟ್ ಒಂದು ತಿಂಗಳಿಗಷ್ಟೇ ಬೇಕಿದ್ದರೆ ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಿ, ಇಲ್ಲವಾದರೆ ಮುಂದಿನ ತಿಂಗಳ ದುಡ್ಡೂ ಖಾತೆಯಿಂದ ಹೋಗುತ್ತದೆ.

ಹ್ಯಾಂಬರ್ಗ್‌ನ ಮಿನಿಯಾಟೂರ್ ವುಂಡರ್‌ಲಾಂಡ್ ಎಂಬ ದೊಡ್ಡ ಮಾದರಿ ರೈಲು ಪ್ರದರ್ಶನಕ್ಕೆ ದೂರದವರು ಐಸಿಇಯಲ್ಲೇ ಹೋಗಬೇಕಾದೀತು. ಅಗ್ಗದ ಟಿಕೆಟ್ ಅದರಲ್ಲಿ ಬರೆದ ರೈಲಿಗೆ ಮಾತ್ರ ಸಲ್ಲುತ್ತದೆ. ತಲುಪುವುದು 20 ನಿಮಿಷಕ್ಕಿಂತ ತಡವಾಗುವ ಸೂಚನೆ ಸಿಕ್ಕರೆ ಮಾತ್ರ ಆ ಕಟ್ಟು ಬಿಡುತ್ತದೆ, ಆಗ ಬೇರೆ ರೈಲು ಹತ್ತಬಹುದು. ಟಿಕೆಟ್ ಇದ್ದ ಮಾತ್ರಕ್ಕೆ ಸೀಟೂ ಇದೆ ಎಂದುಕೊಳ್ಳಬೇಡಿ, ಅದಕ್ಕೆ ಬೇರೆ ದುಡ್ಡು. ಈ ವಿಷಯದಲ್ಲಿ ಬೋಗಿ, ಬರ್ತು ನಂಬರ್ ಸಮೇತ ಕೈಗೆ ಕೊಡುವ ನಮ್ಮ ರೈಲ್ವೆಯೇ ಮೇಲು. ವುಂಡರ್‌ಲಾಂಡ್‌ನ ಪ್ರವೇಶವನ್ನೂ ಮೊದಲೇ ಬುಕ್ ಮಾಡಿ, ಆದರೆ ರೈಲು ತಲುಪುವ ಹೊತ್ತಿಗೂ ಒಳಗೆ ಹೋಗುವ ಹೊತ್ತಿಗೂ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. 2024ರಲ್ಲಿ ಜರ್ಮನಿಯ ರೈಲ್ವೆ ಕಂಪನಿ ಡಾಯ್ಚೆ ಬಾನ್‌ನ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದವು ಶೇ. 62.5, ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸದೆ.