ರೇಷ್ಮೆ ಗರಿ, ಗುಂಗುರು ಗರಿ: ಮೂರು ತಲೆಮಾರು ಕಾದ ನನ್ನ ಅನುಭವ

ಸಿಲ್ಕಿ ಕೋಳಿಯ ಉದುರಿದ ಗರಿಯೊಂದನ್ನು ಕೈಗೆತ್ತಿಕೊಂಡು ನೋಡಿದ ದಿನ ನನಗೆ ಈ ಗೀಳು ಹತ್ತಿತು. ಬೇರೆ ಕೋಳಿಯ ಗರಿಯನ್ನು ಬೆರಳಲ್ಲಿ ಸೀಳಿ ಮತ್ತೆ ನೇವರಿಸಿದರೆ ಜಿಪ್ ಎಳೆದ ಹಾಗೆ ಕೂಡಿಕೊಳ್ಳುತ್ತದೆ. ಎಳೆಗಳ ಮೇಲಿರುವ ಸಣ್ಣ ಸಣ್ಣ ಕೊಕ್ಕೆಗಳು ಒಂದನ್ನೊಂದು ಹಿಡಿದುಕೊಳ್ಳುವುದೇ ಅದಕ್ಕೆ ಕಾರಣ. ಸಿಲ್ಕಿ ಗರಿಯನ್ನು ಎಷ್ಟು ನೇವರಿಸಿದರೂ ಕೂಡಲ್ಲ. ಅದರಲ್ಲಿ ಕೊಕ್ಕೆ ಬೆಳೆದೇ ಇರುವುದಿಲ್ಲ. ಹಾಗಾಗಿ ಗರಿ ಹತ್ತಿಯ ಹಾಗೆ ಬಿಡಿಬಿಡಿಯಾಗಿ, ಮೆತ್ತಗೆ ಇರುತ್ತದೆ.

ಇನ್ನೊಂದು ಕಡೆ ನನ್ನ ಹತ್ತಿರ ಕೊಚಿನ್ ಅನ್ನುವ ತಳಿಯ ಫ್ರಿಜಲ್ ಹೇಂಟೆಗಳಿದ್ದವು. ಅವುಗಳ ಗರಿ ಗುಂಗುರು. ತುದಿಗಳೆಲ್ಲ ಹೊರಕ್ಕೆ, ತಲೆಯ ಕಡೆಗೆ ಬಾಗಿರುತ್ತವೆ. ರೇಷ್ಮೆಯಂಥ ಗರಿ, ಅದೂ ಗುಂಗುರಾಗಿ, ಎರಡೂ ಒಂದೇ ಕೋಳಿಯಲ್ಲಿ ಬರಬೇಕು ಅನ್ನೋದು ನನ್ನ ಆಸೆ.

ಬಿಳಿ ಸಿಲ್ಕಿ ಹುಂಜವನ್ನು ಕಂದು-ಹಳದಿ ಬಣ್ಣದ ಮೂರು ಫ್ರಿಜಲ್ ಹೇಂಟೆಗಳ ಜೊತೆ ಬಿಟ್ಟೆ. ಹಳೆಯ ಹುಂಜವನ್ನು ತೆಗೆದ ಮೇಲೆ ನಾಲ್ಕು ವಾರ ಒಂದು ಮೊಟ್ಟೆಯನ್ನೂ ಕಾವಿಗೆ ಇಡಲಿಲ್ಲ. ಹೇಂಟೆಯ ಹೊಟ್ಟೆಯಲ್ಲಿ ಹುಂಜದ ಬೀಜ ಎರಡು ಮೂರು ವಾರ ಜೀವಂತ ಇರುತ್ತದೆ. ಅವಸರ ಮಾಡಿದರೆ ಮರಿಯ ಅಪ್ಪ ಯಾರು ಅಂತಲೇ ಗೊತ್ತಾಗಲ್ಲ. ಆಮೇಲೆ ಎಷ್ಟು ಲೆಕ್ಕ ಬರೆದರೂ ವ್ಯರ್ಥ.

21ನೇ ದಿನ 14 ಮರಿ ಬಂದವು. ಮೊದಲ ದಿನದ ನವಿರು ನೋಡಿ ಏನೂ ಹೇಳೋಕೆ ಆಗಲ್ಲ, ಎಲ್ಲ ಮರಿಗಳೂ ಮೆತ್ತಗೇ ಇರುತ್ತವೆ. ರೆಕ್ಕೆಯ ಗರಿ ಹೊರಡುವವರೆಗೆ ಕಾಯಬೇಕು. ಹತ್ತು ದಿನದ ಹೊತ್ತಿಗೆ ವಿಷಯ ಗೊತ್ತಾಯಿತು. ಏಳು ಮರಿಗಳ ರೆಕ್ಕೆಯ ಗರಿ ತುದಿಯಲ್ಲಿ ಮೇಲಕ್ಕೆ ತಿರುಗಿತ್ತು. ಸಿಲ್ಕಿ ಗರಿ ಮಾತ್ರ ಒಂದಕ್ಕೂ ಇಲ್ಲ. ಇದು ಮೊದಲೇ ಗೊತ್ತಿದ್ದ ಮಾತು, ಆದರೂ ನೋಡಿದಾಗ ಮನಸ್ಸು ಸ್ವಲ್ಪ ಮುದುಡಿತು. ಫ್ರಿಜಲ್ ಜೀನ್ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಸಾಕು, ಗರಿ ಗುಂಗುರಾಗುತ್ತದೆ. ಸಿಲ್ಕಿ ಜೀನ್ ಹಾಗಲ್ಲ. ಅದು ಇಬ್ಬರಿಂದಲೂ ಬರಬೇಕು. ಒಂದೇ ಪ್ರತಿ ಇದ್ದರೆ ಒಳಗೇ ಅಡಗಿ ಕೂತಿರುತ್ತದೆ.

ಈ ಹಂತದಲ್ಲೇ ತುಂಬಾ ಜನ "ಅಡ್ಡತಳಿ ಕೆಟ್ಟುಹೋಯ್ತು" ಅಂತ ಮರಿಗಳನ್ನು ಕೊಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 14 ಮರಿಗಳಲ್ಲಿ ಒಂದೊಂದರ ಒಳಗೂ ಸಿಲ್ಕಿ ಜೀನ್ ಇತ್ತು. ಅಪ್ಪನ ಗುರುತು ಬೇರೆ ಕಡೆ ಎದ್ದು ಕಾಣುತ್ತಿತ್ತು: ಹೆಚ್ಚಿನವಕ್ಕೆ ಐದು ಬೆರಳು, ತಲೆ ಮೇಲೆ ಸಣ್ಣ ಜುಟ್ಟು. ಹೆಣ್ಣುಮರಿಗಳ ಚರ್ಮ ಅಪ್ಪನ ಹಾಗೆ ಕಪ್ಪು, ಗಂಡುಮರಿಗಳದ್ದು ತುಂಬಾ ತಿಳಿ. ಕಪ್ಪನ್ನು ತಡೆಯುವ ಜೀನ್ ಲಿಂಗದ ವರ್ಣತಂತುವಿನಲ್ಲಿ ಇರುವುದರಿಂದ ಹೀಗೆ. ಕೊಚಿನ್ ಅಮ್ಮ ಅದನ್ನು ಗಂಡುಮಕ್ಕಳಿಗೆ ಮಾತ್ರ ಕೊಡಬಲ್ಲಳು. ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲೇ ಸಿಲ್ಕಿಯ ಈ ಕಪ್ಪು ಚರ್ಮ ಮಕ್ಕಳಿಗೆ ಹೇಗೆ ಬರುತ್ತದೆ ಅಂತ ಬರೆದಿದ್ದರು. ಅದೇ ವಿಷಯ ನನ್ನ ಗೂಡಿನಲ್ಲಿ ಓಡಾಡುತ್ತಿತ್ತು. ಆ ಖುಷಿ ಹೇಳೋಕಾಗಲ್ಲ.

ಈ ಸಾಲಿನ ಒಂದು ಗುಂಗುರು ಹುಂಜವನ್ನು ಬೆಳೆಸಿ, ಅಚ್ಚ ಸಿಲ್ಕಿ ಹೇಂಟೆಗಳ ಜೊತೆ ಬಿಟ್ಟೆ. ಈಗ ಲೆಕ್ಕ ಬದಲಾಗುತ್ತದೆ. ಅರ್ಧ ಮರಿಗಳಿಗೆ ಸಿಲ್ಕಿ ಗರಿ, ಅರ್ಧಕ್ಕೆ ಗುಂಗುರು. ಎರಡೂ ಕೂಡಿ ಬರುವುದು ನಾಲ್ಕರಲ್ಲಿ ಒಂದಕ್ಕೆ. 22 ಮರಿಗಳಲ್ಲಿ 10ಕ್ಕೆ ಸಿಲ್ಕಿ ಗರಿ ಬಂತು. ಆ ಹತ್ತರಲ್ಲಿ ನಾಲ್ಕು ಗುಂಗುರು. ಬೆಳಕಿಗೆ ಹಿಡಿದರೆ ಗರಿಯ ಕಡ್ಡಿ ಮಾತ್ರ ಬಾಗಿದ್ದು ಕಾಣುತ್ತಿತ್ತು, ಎಳೆಗಳು ಹೊಗೆಯ ಹಾಗೆ ಹರಡಿದ್ದವು. ನನಗೆ ಬೇಕಾಗಿದ್ದುದು ಅದೇ.

ಆದರೆ ಇದರ ನಡುವೆ ಒಂದು ತಪ್ಪು ಮಾಡಿದ್ದೆ. ಮೊದಲ ಸಾಲಿನ ಮರಿಗಳು ಒಂದೇ ಗೂಡಿನಲ್ಲಿ ಬೆಳೆಯುತ್ತಿದ್ದವು. ಬೇರೆ ಮಾಡುವುದು ತಡವಾಯಿತು. ಅಲ್ಲಿನ ಮೊಟ್ಟೆಗಳನ್ನು ಸುಮ್ನೆ ನೋಡೋಣ ಅಂತ ಕಾವಿಗೆ ಇಟ್ಟೆ. ಅಣ್ಣ ಗುಂಗುರು, ತಂಗಿಯೂ ಗುಂಗುರು. ಒಂದು ಮರಿಗೆ ಫ್ರಿಜಲ್ ಜೀನ್ ಎರಡೂ ಕಡೆಯಿಂದ ಬಂತು. ಮೊದಲು ಚೆಂದದ ಉಂಗುರದಂಥ ಗರಿ. ಎಂಟನೇ ವಾರಕ್ಕೆ ಬೆನ್ನು ಬೋಳಾಯಿತು. ಗರಿ ಮುಟ್ಟಿದರೆ ಒಣಗಿದ ಹುಲ್ಲಿನ ಹಾಗೆ ಲಟಕ್ಕನೆ ಮುರಿಯುತ್ತಿತ್ತು. ಫ್ರಿಜಲ್‌ನಲ್ಲಿ ಕೆಡುವುದು ಗರಿಯ ನಡುಕಡ್ಡಿಯನ್ನು ಕಟ್ಟುವ ಕೆರಾಟಿನ್ ಅನ್ನುವ ಪ್ರೋಟೀನ್. ಕೆಆರ್‌ಟಿ75 ಅನ್ನುವ ಜೀನ್‌ನ ದೋಷ ಅದು ಅಂತ 2012ರಲ್ಲಿ ಗೊತ್ತಾಯಿತು. ಒಂದು ಪ್ರತಿ ಇದ್ದರೆ ಕಡ್ಡಿ ಬಾಗುತ್ತದೆ, ಎರಡಿದ್ದರೆ ನಿಲ್ಲುವುದೇ ಇಲ್ಲ. ಮೈಯ ಬಿಸಿ ಸೋರಿಹೋಗುತ್ತದೆ, ಆ ಬಿಸಿ ತುಂಬಿಸೋಕೆ ಹಕ್ಕಿ ಜಾಸ್ತಿ ತಿನ್ನಬೇಕು, ಹೃದಯಕ್ಕೂ ಹೊರೆ. ಆ ಮರಿಯನ್ನು ದೀಪದ ಬಿಸಿಯಲ್ಲಿ ಇಟ್ಟು ತಿಂಗಳುಗಟ್ಟಲೆ ನೋಡಿಕೊಂಡೆ. ರಾತ್ರಿ ಅದು ನನ್ನ ಅಂಗೈಗೆ ಒತ್ತಿಕೊಂಡು ನಡುಗುತ್ತಿದ್ದುದು ಇನ್ನೂ ಮರೆತಿಲ್ಲ. ಅಂದಿನಿಂದ ಗುಂಗುರು ಹುಂಜಕ್ಕೆ ನೇರ ಗರಿಯ ಹೇಂಟೆ, ಗುಂಗುರು ಹೇಂಟೆಗೆ ನೇರ ಗರಿಯ ಹುಂಜ. ಇದನ್ನು ಒಂದು ಸಲವೂ ಮುರಿದಿಲ್ಲ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಗುಂಗುರನ್ನು ತಗ್ಗಿಸುವ ಬೇರೆ ಜೀನ್ ಒಂದಿದೆ. ಅದು ಸೇರಿದರೆ ಫ್ರಿಜಲ್ ಹಕ್ಕಿ ಹೆಚ್ಚುಕಡಿಮೆ ನೇರ ಗರಿಯದರ ಹಾಗೇ ಕಾಣುತ್ತದೆ. ನೇರ ಗರಿಯ ಹಕ್ಕಿ ಅಂತ ನಂಬಿ ಜೋಡಿ ಮಾಡಿದರೆ ಅದೇ ಪಾಡು. ಅದಕ್ಕೆ ನಾನು ಜೋಡಿ ಮಾಡುವ ಮುಂಚೆ ಕತ್ತಿನ ಹಿಂದಿನ ಗರಿ ಎತ್ತಿ ತುದಿ ನೋಡುತ್ತೇನೆ, ಅದರ ಅಪ್ಪ ಅಮ್ಮ ಯಾರು ಅಂತ ಪುಸ್ತಕದಲ್ಲಿ ಹುಡುಕುತ್ತೇನೆ. ಪ್ರತಿ ಮರಿಗೂ ಕಾಲಲ್ಲಿ ನಂಬರಿನ ಉಂಗುರ ಇದೆ.

ಬಣ್ಣದ ವಿಷಯಕ್ಕೆ ನಾನು ಜಾಸ್ತಿ ಕೈಹಾಕಿಲ್ಲ. ಸಿಲ್ಕಿಯ ಬಿಳುಪು ಸಾಮಾನ್ಯವಾಗಿ ಒಂದು ಮುಸುಕು ಅಷ್ಟೇ. ಅದರ ಕೆಳಗೆ ಯಾವ ಬಣ್ಣ ಇದೆ ಅಂತ ಮರಿ ಹುಟ್ಟಿದ ಮೇಲೇ ಗೊತ್ತಾಗುವುದು. ನನ್ನ ಮೊದಲ ಸಾಲಿನಲ್ಲಿ ಒಂದೂ ಬಿಳಿ ಇರಲಿಲ್ಲ.

ಈಗ ಆ ನಾಲ್ಕರಲ್ಲಿ ಒಂದು ಹುಂಜ ದೊಡ್ಡದಾಗಿದೆ. ನೇರ ಗರಿಯ ಸಿಲ್ಕಿ ಹೇಂಟೆಗಳ ಜೊತೆ ಬಿಟ್ಟಿದ್ದೇನೆ. ಈ ಸಲ ಎಲ್ಲ ಮರಿಗಳಿಗೂ ರೇಷ್ಮೆ ಗರಿಯೇ ಬರಬೇಕು, ಅರ್ಧದಷ್ಟು ಗುಂಗುರಾಗಬೇಕು. ಇಂಕ್ಯುಬೇಟರ್‌ನಲ್ಲಿ 12 ಮೊಟ್ಟೆ ಇವೆ, ಇವತ್ತಿಗೆ 18 ದಿನ. ಬೆಳಿಗ್ಗೆ ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸಿದೆ.